ಮಾರ್ಲಿ ತಾತನ ಕೈ, ಚೋಮನ ಬಾಗಿಲು

ಅರೇಹಳ್ಳಿ ಸುತ್ತಿನ ತೋಟಗಳಲ್ಲಿ ಕ್ರಿಸ್‌ಮಸ್ ಅಂದ್ರೆ ಕಾಫಿ ಕುಯ್ಲಿನ ಕಾಲ. ಅರೇಬಿಕಾ ಹಣ್ಣಾಗಿ ನಿಂತಿರುತ್ತೆ. ಕೈ ಬಿಟ್ರೆ ಹಣ್ಣೂ ಉದುರುತ್ತೆ, ನಮ್ಮ ಕೂಲಿಯೂ ಉದುರುತ್ತೆ. ಲೈನ್ ಮನೆಗಳ ನಮಗೆ ಆ ಹಬ್ಬ ಬರೋದು ಟಿವಿಯ ಸಿನಿಮಾದಲ್ಲಿ. 'ಹೋಮ್ ಅಲೋನ್' ನೋಡಿ ನಮ್ಮ ಮಕ್ಕಳು ಬಿದ್ದು ಬಿದ್ದು ನಗ್ತಾವೆ. ಜಾನ್ ಹ್ಯೂಸ್ ಬರೆದು, ಕ್ರಿಸ್ ಕೊಲಂಬಸ್ ನಿರ್ದೇಶಿಸಿದ 1990ರ ಚಿತ್ರ. ಪ್ಯಾರಿಸ್‌ಗೆ ಹೊರಟ ದೊಡ್ಡ ಸಂಸಾರ ಕೆವಿನ್ ಅನ್ನೋ ಎಂಟು ವರ್ಷದ ಹುಡುಗನನ್ನ ಮನೇಲೇ ಮರೆತು ಹೋಗುತ್ತೆ. ಅವನು ಇಬ್ಬರು ಕಳ್ಳರಿಗೆ ನೀರು ಕುಡಿಸ್ತಾನೆ. ಕೊನೆಗೆ ಹಬ್ಬದ ಬೆಳಗ್ಗೆ ಅವ್ವ ಬರ್ತಾಳೆ, ಅವಳ ಹಿಂದೆಯೇ ಉಳಿದವರೂ.

ಮಕ್ಕಳು ನಗಲಿ. ನಮ್ಮ ಕಣ್ಣು ಇರೋದು ಮಾರ್ಲಿ ತಾತನ ಮೇಲೆ. ಬೀದಿಯ ಹಿಮ ಬಳಿದು ಉಪ್ಪು ಎರಚೋನು ಅವನು. ಮನೆಯವರನ್ನೆಲ್ಲ ಕೊಂದೋನು ಅಂತ ಹುಡುಗರು ಕತೆ ಕಟ್ಟಿ, ಅವನನ್ನ ಕಂಡ್ರೆ ಓಡ್ತಾರೆ. ಬೀದಿ ಚೊಕ್ಕಟ ಮಾಡೋನನ್ನ ಬೀದಿಯೇ ದೂರ ಇಡೋದು ನಮಗೆ ಹೊಸದೇ? ಇಗರ್ಜಿಯಲ್ಲಿ ಅವನು ಕೈ ಚಾಚ್ತಾನೆ, ಹುಡುಗ ಆ ಕೈ ಹಿಡೀತಾನೆ. ಜಗಳವಾಡಿ ದೂರಾದ ಮಗನಿಗೆ ಫೋನು ಮಾಡು ಅಂತಾನೆ. ಕೊನೆಗೆ ತಾತ ಮೊಮ್ಮಗಳನ್ನ ಅಪ್ಪಿಕೊಳ್ಳೋದು ಕಿಟಕಿಯಿಂದ ಕಾಣುತ್ತೆ.

ಈ ಕೊನೆ ಸುಳ್ಳು ಅಂತ ನಾವು ಹೇಳೋಲ್ಲ. ಆದ್ರೆ ಮಾರ್ಲಿಗೆ ಆ ಬೀದೀಲೇ ಮನೆ ಇತ್ತು. ಒಂದು ಫೋನಿಗೆ ಅವನ ಕೇಡು ತೀರಿತು.

ಚೋಮನಿಗೆ ಯಾವ ಫೋನು? ಶಿವರಾಮ ಕಾರಂತರ ಕಾದಂಬರಿಯನ್ನ ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದ್ರು. ಅದಕ್ಕೆ ಸ್ವರ್ಣಕಮಲ ಬಂತು. ಚೋಮ ಬೇಡಿದ್ದು ಉಳೋಕೆ ಒಂದಿಷ್ಟು ನೆಲ. ಸಾಲ ತೀರಿಸೋಕೆ ಕಾಫಿ ತೋಟಕ್ಕೆ ಹೋದ ಇಬ್ಬರು ಮಕ್ಕಳಲ್ಲಿ ಒಬ್ಬ ಸಾಯ್ತಾನೆ, ಇನ್ನೊಬ್ಬ ಕ್ರಿಸ್ತನ ಮತ ಸೇರ್ತಾನೆ. ಮತ್ತೊಬ್ಬ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಿ ಎತ್ತೋಕೆ ಮೇಲುಜಾತಿಯ ಒಂದು ಕೈಯೂ ಬರೋಲ್ಲ. ಕೊನೆಗೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಡೀತಾ ಬಡೀತಾ ಪ್ರಾಣ ಬಿಡ್ತಾನೆ. ಅಲ್ಲಿ ಹೊರಗಿನವರು ಮನೆಯೊಳಕ್ಕೆ ಬರ್ತಾರೆ. ಇಲ್ಲಿ ಒಳಗಿದ್ದವನು ಹೆಣವಾಗಿ ಹೊರಕ್ಕೆ.

ಇಗರ್ಜಿ ಸೇರಿದ್ರೆ ಜಾತಿ ಬಿಡುತ್ತಾ? 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಪಟ್ಟಿಗೆ 1956ರಲ್ಲಿ ಸಿಖ್ ದಲಿತರು, 1990ರಲ್ಲಿ ಬೌದ್ಧ ದಲಿತರು ಸೇರಿದ್ರು. ಕ್ರೈಸ್ತ ದಲಿತರು ಇವತ್ತಿಗೂ ಹೊರಗೇ. ಕೆವಿನ್ ಮನೆಯವರು ಮನೆ ಸೇರಿದ ವರ್ಷವೂ ಅದೇ 1990.

ಎಲ್ಲರೂ ಮನೆಗೆ ಬಂದ್ರು ಅಂತ ಮುಗಿಯೋ ಕತೆಗೆ ಮೊದಲು ಒಂದು ಮನೆ ಬೇಕು. ಲೈನ್ ಮನೆ ನಮ್ಮದಲ್ಲ. ತೋಟದ ಕೆಲಸ ಹೋದ ದಿನ ಸೂರೂ ಹೋಗುತ್ತೆ. ಪ್ರೀತಿ ಬೇಡ ಅನ್ನೋರಲ್ಲ ನಾವು. ಪ್ರೀತಿ ಕೂರೋಕೆ ಜಾಗ ಕೇಳ್ತಿದೀವಿ, ಹಕ್ಕುಪತ್ರದ ಸಮೇತ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಮಕ್ಕಳಿಗೆ ಎರಡು ಚಿತ್ರವನ್ನೂ ತೋರಿಸಿ. ನಗಲಿ, ಅಳಲಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ಆ ಮನೆ ಯಾರ ಹೆಸರಲ್ಲಿದೆ?