ಡಿಕ್ಕಿ ಕೀಲಿ ಯಾರ ಕೈಯಾಗೈತಿ?

ಬಸ್ಸಿನ ಡಿಕ್ಕಿ ತೆಗೆಯುವ ಕೀಲಿಯನ್ನು ಯಾವತ್ತಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಇಂಗ್ಲಿಷಿನ ‘ಟಿ’ ಅಕ್ಷರದಂಥ ಕಬ್ಬಿಣದ ತುಂಡು. ಹಲ್ಲಿಲ್ಲ, ನಂಬರಿಲ್ಲ. ತುದಿಗೆ ಒಂದು ಚೌಕ, ಅಷ್ಟೇ. ಅದನ್ನು ಬಾಗಿಲಿನ ಬೀಗಕ್ಕೆ ಹಾಕಿ ಕಾಲು ಸುತ್ತು ತಿರುಗಿಸಿದರೆ ಒಳಗಿನ ನಾಲಿಗೆ ಚೌಕಟ್ಟಿನ ಹಿಂದಿನಿಂದ ಸರಿಯುತ್ತದೆ, ಬಾಗಿಲು ಮೇಲೇಳುತ್ತದೆ. ರೈಲಿನ ಸಿಬ್ಬಂದಿ ಹತ್ತಿರ ಇರುವುದೂ ಇದೇ ಜಾತಿಯ ಕೀಲಿ. ಒಂದು ಬಸ್ಸಿನದು ಪಕ್ಕದ ಬಸ್ಸಿಗೂ ಬರುತ್ತದೆ. ಕೀಲಿ ಸಿಗದಿದ್ದರೆ ಇಕ್ಕಳವೂ ನಡೆಯುತ್ತದೆ.

ಅಂದರೆ ಇದು ಕಳ್ಳರಿಗಾಗಿ ಮಾಡಿದ ಬೀಗವೇ ಅಲ್ಲ. ಓಡುವಾಗ ಬಾಗಿಲು ಹಾರಿ ಪಕ್ಕದ ಸೈಕಲ್ಲಿನವನಿಗೆ ಬಡಿಯಬಾರದು ಎಂದು ಮಾಡಿದ ಚಿಲಕ. ನಾವು ಅದನ್ನು ಬೀಗ ಎಂದು ನಂಬಿಕೊಂಡಿದ್ದೇವೆ.

ಮೊದಲು ಹೀಗಿರಲಿಲ್ಲ. ಸಾಮಾನು ಬಸ್ಸಿನ ಟಾಪಿನ ಮೇಲೆ ಹೋಗುತ್ತಿತ್ತು. ಈರುಳ್ಳಿ ಚೀಲ, ಮೆಣಸಿನಕಾಯಿ ಚೀಲ, ಮದುವೆ ಟ್ರಂಕು, ಸೈಕಲ್ಲು ಎಲ್ಲ ಅಲ್ಲೇ. ಹಿಂದಿನ ಏಣಿ ಹತ್ತಿದವನನ್ನು ಇಡೀ ಸ್ಟ್ಯಾಂಡು ನೋಡುತ್ತಿತ್ತು. ಒಳಗೆ ಕುಂತವರಿಗೂ ತಲೆಯ ಮೇಲೆ ಕಾಲಿನ ಸಪ್ಪಳ ಕೇಳುತ್ತಿತ್ತು. ಸಾಮಾನು ಸೀಟಿನ ಕೆಳಗಿನ ಹೊಟ್ಟೆಗೆ ಇಳಿದ ಮೇಲೆ ಮಳೆ, ಧೂಳಿನ ಕಾಟ ಕಡಿಮೆಯಾಯಿತು. ಆದರೆ ಕಣ್ಣಿಂದಲೂ ಮರೆಯಾಯಿತು.

ಬಂಡಿ ನಂಬಿ ಬದುಕುವುದು ಗದಗಿಗೆ ಹೊಸದಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾಗಾಟ ಶುರು ಮಾಡಿದ್ದು ಇಲ್ಲೇ. ನಮ್ಮ ಬಿಂಕದಕಟ್ಟಿ ಗದಗ-ಹುಬ್ಬಳ್ಳಿ ದಾರಿಯಲ್ಲಿ. ಹೊರಗಿನವರಿಗೆ ಪ್ರಾಣಿ ಸಂಗ್ರಹಾಲಯದ ಊರು, ನಮಗೆ ಬಸ್ಸು ನೋಡುತ್ತಾ ಬೆಳೆದ ಊರು. ನಮ್ಮ ಗೆಳೆಯನೊಬ್ಬ ಸಾಲ ಮಾಡಿ ಒಂದು ಹಳೆಯ ಟೂರಿಸ್ಟ್ ಬಸ್ಸು ತಂದ. ಮದುವೆ ದಿಬ್ಬಣ, ಧರ್ಮಸ್ಥಳ, ಸವದತ್ತಿ ಗುಡ್ಡ, ಶಾಲೆ ಮಕ್ಕಳ ಪ್ರವಾಸ, ಹೀಗೆ ಬಾಡಿಗೆ.

ಒಮ್ಮೆ ದಾವಣಗೆರೆ ಕಡೆಯ ಮದುವೆ ಮುಗಿಸಿ ಬರುವಾಗ ರಾತ್ರಿ ಊಟಕ್ಕೆ ಹೆದ್ದಾರಿ ಧಾಬಾ ಒಂದರಲ್ಲಿ ನಿಂತರು. ಸಾಲಾಗಿ ಐದಾರು ಬಸ್ಸು ನಿಂತಿದ್ದವು. ಊರಿಗೆ ಬಂದು ಡಿಕ್ಕಿ ತೆಗೆದರೆ ಒಂದು ಚೀಲ ಇಲ್ಲ. ನಮ್ಮ ಓಣಿಯ ಅಕ್ಕನಿಗೆ ತವರಿನವರು ಕೊಟ್ಟ ಹೊಲಿಗೆ ಯಂತ್ರದ ತಲೆ ಅದರಲ್ಲಿತ್ತು. ಕಾಲು, ಹಲಗೆ ಎಲ್ಲ ಮೊದಲೇ ಮನೆಯಲ್ಲಿ ಜೋಡಿಸಿ ಇಟ್ಟಿದ್ದಳು. ಜಂಪರ್ ಹೊಲಿಯಲು ನಾಲ್ಕು ಮನೆಯವರು ಬಟ್ಟೆಯನ್ನೂ ಕೊಟ್ಟಾಗಿತ್ತು.

ಬಾಗಿಲು ಹಾಕಿದ್ದು ಹಾಕಿದಂತೇ ಇತ್ತು. ಒಂದು ಗೀರಿಲ್ಲ, ಬಣ್ಣ ಎದ್ದಿಲ್ಲ. ಬೀಗ ಮುರಿದಿದ್ದರೆ ‘ಕಳ್ಳರು’ ಎನ್ನುತ್ತಿದ್ದರು. ಮುರಿದಿಲ್ಲವಾದ್ದರಿಂದ ಎಲ್ಲರೂ ಕ್ಲೀನರ್ ಹುಡುಗನ ಮುಖ ನೋಡಿದರು. ಕೀಲಿ ಇದ್ದದ್ದು ಅವನ ಸೊಂಟದಲ್ಲಿ. “ಈ ಕೀಲಿ ಎಲ್ಲಾ ಬಸ್ಸಿಗೂ ಬರತೈತ್ರಿ” ಅಂತ ಅವನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಗೆಳೆಯ ಯಂತ್ರದ ದುಡ್ಡು ಕೊಟ್ಟ. ಹುಡುಗ ವಾರದೊಳಗೆ ಕೆಲಸ ಬಿಟ್ಟು ಗೋವಾಕ್ಕೆ ಹೋದ. ಯಂತ್ರ ಹೋದದ್ದಕ್ಕಿಂತ ನಮಗೆ ಕೆಟ್ಟದೆನಿಸಿದ್ದು ಇದು. ಹತ್ತು ಮಂದಿ ತೆಗೆಯಬಹುದಾದ ಬೀಗಕ್ಕೆ ಒಬ್ಬನೇ ಜವಾಬ್ದಾರ, ಅದೂ ಎಲ್ಲರಿಗಿಂತ ಕಡಿಮೆ ಪಗಾರದವ.

ಬೀಗ ಬದಲಿಸೋಣ ಎಂದು ಗೆಳೆಯ ಹೊರಟಾಗ ನಾವೂ ಜೊತೆಗೆ ಹೋದೆವು. ಗದಗಿನ ಗ್ಯಾರೇಜಿನಲ್ಲಿ ಎರಡು ದಿನ ಹಿಡಿಯಿತು. ಹೊಸ ಬೀಗದಲ್ಲೂ ಕಾಲು ಸುತ್ತು ತಿರುಗುವ ನಾಲಿಗೆಯೇ. ಆದರೆ ಚೌಕದ ಜಾಗದಲ್ಲಿ ಹಲ್ಲಿನ ಕೀಲಿ ಹಿಡಿಯುವ ಸಿಲಿಂಡರ್. ನಾಲ್ಕು ಬಾಗಿಲು, ಬಾಗಿಲಿಗೆ ಎರಡರಂತೆ ಎಂಟು ಬೀಗ. ಎಂಟಕ್ಕೂ ಒಂದೇ ನಂಬರಿನ ಕೀಲಿ ಬರುವಂತೆ ಹೇಳಿ ತರಿಸಿದ್ದು ಜಾಣತನ. ಇಲ್ಲದಿದ್ದರೆ ಮಳೆಯಲ್ಲಿ ಎಂಟು ಕೀಲಿ ತಡಕಾಡುತ್ತಾ ನಿಲ್ಲಬೇಕಿತ್ತು.

ಹಳೆಯ ತೂತು ದೊಡ್ಡದು, ಹೊಸ ಬೀಗ ಸಣ್ಣದು. ಅದಕ್ಕೆ ಉಕ್ಕಿನ ಪಟ್ಟಿ ಕತ್ತರಿಸಿ ಹಿಂದೆ ಕೊಡಬೇಕಾಯಿತು. ಪಟ್ಟಿಗೆ ರಿವೆಟ್ ಹೊಡೆಯಲು ಹೊರಟವರನ್ನು ಹಿರಿಯ ಮಿಸ್ತ್ರಿ ತಡೆದರು. ರಿವೆಟ್ಟನ್ನು ಹೊರಗಿಂದಲೇ ಡ್ರಿಲ್ಲು ಹಾಕಿ ತೆಗೆಯಬಹುದಂತೆ. ಅವರು ಗುಂಡು ತಲೆಯ ಬೋಲ್ಟ್ ಹಾಕಿ ನಟ್ಟನ್ನು ಒಳಗೆ ಕೊಟ್ಟರು. ಹೊರಗಿಂದ ಪಾನಾ ಹಿಡಿಯಲು ಅಲ್ಲಿ ಏನೂ ಇಲ್ಲ. ಒಂದು ಕಡೆ ವೆಲ್ಡಿಂಗ್ ಬೇಕಾದಾಗ ಮೊದಲು ಬ್ಯಾಟರಿಯ ವೈರು ಬಿಚ್ಚಿಸಿದರು. ಅವಸರದಲ್ಲಿ ಬಿಚ್ಚದೇ ಮಾಡಿ ಬಸ್ಸಿನ ಎಲೆಕ್ಟ್ರಾನಿಕ್ ಸಾಮಾನು ಸುಟ್ಟುಕೊಂಡವರು ಇದ್ದಾರೆ.

ಹೆಚ್ಚು ಹೊತ್ತು ತಿಂದದ್ದು ನಾಲಿಗೆಯ ಅಳತೆ. ಸಡಿಲಾದರೆ ಬಾಗಿಲು ದಾರಿಯುದ್ದಕ್ಕೂ ಗಡಗಡ ಅನ್ನುತ್ತದೆ, ರಬ್ಬರ್ ಪಟ್ಟಿ ಒತ್ತದೆ ಎರೆಮಣ್ಣಿನ ಧೂಳು ಒಳಗೆ ಹೋಗುತ್ತದೆ. ಬಿಗಿಯಾದರೆ ಕೀಲಿಯೇ ತಿರುಚಿ ಮುರಿಯುತ್ತದೆ. ಹಳೆಯ ಬಸ್ಸಿನ ಯಾವ ಬಾಗಿಲೂ ಇನ್ನೊಂದರ ಹಾಗಿರುವುದಿಲ್ಲ. ಒಂದೊಂದಕ್ಕೂ ವಾಷರ್ ಕೊಟ್ಟು, ತೆಗೆದು, ಮತ್ತೆ ಕೊಟ್ಟು ಕೂಡಿಸಿದರು. ಸಿಲಿಂಡರಿಗೆ ಎಣ್ಣೆ ಬಿಡಬೇಡಿ ಎಂದರು. ಎಣ್ಣೆಗೆ ಧೂಳು ಕೂಡಿ ಕೆಸರಾಗುತ್ತದೆ, ಗ್ರಾಫೈಟ್ ಪುಡಿ ಊದಿದರೆ ಸಾಕು. ಇದು ನಿಮ್ಮ ಮನೆ ಬಾಗಿಲ ಬೀಗಕ್ಕೂ ನಡೆಯುತ್ತದೆ.

ಎಲ್ಲಕ್ಕೂ ಹೊಸ ಬೀಗ ಹಾಕಿಬಿಡೋಣ ಎಂದು ಗೆಳೆಯ ಹುರುಪಿನಲ್ಲಿದ್ದ. ಬ್ಯಾಟರಿ ಪೆಟ್ಟಿಗೆ ಹತ್ತಿರ ಬಂದಾಗ ಮಿಸ್ತ್ರಿ ಕೈ ಅಡ್ಡ ಹಿಡಿದರು. “ಬೆಂಕಿ ಹತ್ತಿದಾಗ ಕೀಲಿ ಯಾರ ಕಿಸೆದಾಗ ಹುಡುಕ್ತೀರಿ?” ಬ್ಯಾಟರಿಯ ಸ್ವಿಚ್ಚು ಯಾರ ಕೈಗಾದರೂ ಸಿಗಬೇಕು, ಬೆಂಕಿ ಆರಿಸುವ ಸಿಲಿಂಡರನ್ನಂತೂ ಡಿಕ್ಕಿಯೊಳಗೆ ಇಡಲೇಬಾರದು. ಜಾಕು, ಪಾನಾ ಇಡುವ ಹಿಂದಿನ ಗೂಡಿಗೂ ಹಳೆಯ ಚೌಕದ ಚಿಲಕವನ್ನೇ ಬಿಟ್ಟೆವು.

ಈಗ ಎರಡು ಕೀಲಿ ಇವೆ. ಒಂದು ಡ್ರೈವರ್ ಹತ್ತಿರ, ಒಂದು ಹೊಸ ಕ್ಲೀನರ್ ಹತ್ತಿರ. ಇಳಿಯುವವರ ಚೀಲಕ್ಕೂ ಟಿಕೆಟ್ಟಿಗೂ ಒಂದೇ ನಂಬರಿನ ಚೀಟಿ ಅಂಟಿಸುತ್ತಾರೆ. ನೀವೂ ಚೀಲ ಡಿಕ್ಕಿಗೆ ಇಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ದುಡ್ಡು, ಆಧಾರ್, ಗುಳಿಗೆ ಮೈಮೇಲೇ ಇರಲಿ, ಬೀಗ ಹೊಸದಾದರೂ ಸರಿ. ಗೋವಾಕ್ಕೆ ಹೋದ ಹುಡುಗನಿಗೆ ಗೆಳೆಯ ಹೊಸ ಬೀಗದ ಫೋಟೊ ಕಳಿಸಿ, ಬಾ ಅಂತ ಕರೆದ. ಎರಡು ನೀಲಿ ಗೀಟು ಬಂದಿವೆ, ಉತ್ತರ ಬಂದಿಲ್ಲ.