ಸುಣ್ಣದ ಋಣ

ಹೈದರಾಬಾದಿನ ಕೋಠಿಯಲ್ಲಿ ವಾಸಿಸತಕ್ಕವರಿಗೆ ಕಾಲಹರಣದ ಸಾಧನಗಳಿಗೇನೂ ಕೊರತೆಯಿಲ್ಲ; ಬೀದಿಬದಿಯಲ್ಲಿ ಹರಡಿದ ಹಳೆಯ ಪುಸ್ತಕಗಳನ್ನು ತಿರುವುತ್ತ ನಿಂತರೆ ಒಂದು ಸಾಯಂಕಾಲ, ಸುಲ್ತಾನ್ ಬಜಾರಿನ ಸಂದಣಿಯಲ್ಲಿ ಸಿಕ್ಕಿಕೊಂಡರೆ ಇನ್ನೊಂದು, ಅನಾಯಾಸವಾಗಿ ಸಂದುಹೋಗುತ್ತವೆ. ಹೀಗಿದ್ದೂ, ಬೀದರದ ಕಡೆಯಿಂದ ಬಂದು ಇಲ್ಲಿ ಬೇರೂರಿದ ನಾನು, ಮನೆಯೊಳಗೊಂದು ಗಾಜಿನ ತೊಟ್ಟಿಯನ್ನಿರಿಸಿ, ಅದರಲ್ಲಿ ಮೀನುಗಳನ್ನಲ್ಲದೆ ಬಸವನಹುಳುಗಳನ್ನೂ ಒಂದು ಕ್ರೇಫಿಶನ್ನೂ ಸಾಕಿಕೊಂಡು, ಅವುಗಳ ಸಂಸಾರವನ್ನು ನೋಡುತ್ತ ಕುಳಿತಿರುವುದು ಬಂಧುಗಳಿಗೆ ವಿಚಿತ್ರವಾಗಿ ತೋರುವುದು ಸಹಜವೇ.

ಅಂಗಡಿಯವನು ಆ ಕ್ರೇಫಿಶನ್ನು ಲಾಬ್‌ಸ್ಟರ್ ಎಂದೇ ಮಾರಿದನು. ಸಮುದ್ರವಾಸಿಯಾದ ಆ ಮಹಾಶಯನಿಗೂ ಇದಕ್ಕೂ ನಂಟುಂಟಾದರೂ, ಇದು ಸಿಹಿನೀರಿನ ಜೀವಿ. ಅಮೆರಿಕದ ಲೂಯಿಸಿಯಾನದ ಜೌಗುನೆಲದ ಕಡೆಯದು. ಕೋಠಿಗೆ ಪರದೇಶದ ಅತಿಥಿ ಹೊಸಬನಲ್ಲ. ಕರ್ಕ್‌ಪ್ಯಾಟ್ರಿಕ್ ಸಾಹೇಬನು ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ಕಂಬಗಳು ಇಂದಿಗೂ ಸಾಕ್ಷಿಯಾಗಿ ನಿಂತಿವೆ. ಆದರೆ ಭಾರತದ ನದಿಕೆರೆಗಳಿಗೆ ಕ್ರೇಫಿಶ್ ಸಹಜವಾದುದಲ್ಲ. ಪ್ರಾಣಿಶಾಸ್ತ್ರಕ್ಕೆ ಪ್ರವೇಶವಾಗಲೆಂದು ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್‌ಲಿ 1880ರಲ್ಲಿ ಇದೊಂದನ್ನೇ ಕುರಿತು ಗ್ರಂಥವನ್ನು ಪ್ರಕಟಿಸಿದ್ದರೂ, ನಮ್ಮ ಕಾಲೇಜುಗಳ ಮೇಜಿನ ಮೇಲೆ ಛೇದನಕ್ಕೆ ಬಂದುದು ಸೀಗಡಿ. ಅದರ ಜೊತೆಗೆ ಕೆರೆಯ ದೊಡ್ಡ ಬಸವನಹುಳುವಾದ ಪೈಲಾ.

ಗಾಜಿನ ತೊಟ್ಟಿಯಲ್ಲಿ ಬಸವನಹುಳುವಿನ ಹಕ್ಕು ಬಹಳ ಹಳೆಯದು. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದುದು ಎರಡು ಚಿನ್ನದ ಮೀನು ಮತ್ತು ವ್ಯಾಲಿಸ್ನೇರಿಯ ಎಂಬ ಜಲಸಸ್ಯ. ಸಸ್ಯವು ಪ್ರಾಣವಾಯುವನ್ನು ಒದಗಿಸಿತು. ಆದರೆ ಎಲೆಗಳು ಕೊಳೆತು ನೀರು ಮಲಿನವಾಗತೊಡಗಿತು. ಆಗ ಆತನು ಬಿಟ್ಟ ಬಸವನಹುಳುಗಳು ಆ ಕೊಳೆಯನ್ನು ಮೇಯ್ದು ನೀರನ್ನು ತಿಳಿಗೊಳಿಸಿದವು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. ಸಮತೋಲವೆಂದು ವಿದ್ವಾಂಸರು ಕೊಂಡಾಡಿದ ಆ ವ್ಯವಸ್ಥೆಯಲ್ಲಿ ಸ್ನೇಹವೆಂಬುದು ಲೇಶವೂ ಇರಲಿಲ್ಲ, ಭೋಜನವಿತ್ತು.

ನನ್ನ ತೊಟ್ಟಿಯಲ್ಲಿಯೂ ನಡೆಯುವುದು ಅದೇ. ರಾತ್ರಿಯಾಗುತ್ತಲೇ ಕ್ರೇಫಿಶ್ ಹೊರಬಂದು, ದೊಡ್ಡ ಬಸವನಹುಳುವನ್ನು ಹಿಡಿದರೆ, ತಾಂಬೂಲಪ್ರಿಯನು ಅಡಕೆಯನ್ನು ಕತ್ತರಿಸುವ ತಾಳ್ಮೆಯಿಂದ ಚಿಪ್ಪಿನ ಅಂಚನ್ನು ತುಣುಕುತುಣುಕಾಗಿ ಮುರಿಯುತ್ತ ಒಳಗಣ ಮಾಂಸವನ್ನು ತಲಪುತ್ತದೆ. ಹಗಲೆಲ್ಲ ಮರಳಿನಲ್ಲಿ ಹುದುಗಿರುವ, ಮೊಟ್ಟೆಯಿಡದೆ ಮರಿಗಳನ್ನೇ ಹೆರುವ, ಗಂಡಿನ ಹಂಗಿಲ್ಲದೆಯೂ ಸಂತತಿ ಬೆಳೆಸಬಲ್ಲ ಕಹಳೆಯಾಕಾರದ ಸಣ್ಣ ಜಾತಿಯದು ಮಾತ್ರ ತಿಂದಷ್ಟೂ ತೀರದೆ ಉಳಿಯುತ್ತದೆ.

ಭಕ್ಷಕ ಭಕ್ಷ್ಯಗಳೆರಡಕ್ಕೂ ಬೇಕಾದುದು ಒಂದೇ: ಸುಣ್ಣ. ಪಾತ್ರೆಗಳಿಗೆ ಬಿಳಿಯ ಕಲೆ ಕಟ್ಟುವುದೆಂದು ಮನೆಯವರು ಶಪಿಸುವ ನಮ್ಮ ಗಡುಸಾದ ಬೋರ್‌ವೆಲ್ ನೀರು ಇವುಗಳ ಚಿಪ್ಪಿಗೆ ಅಮೃತಪ್ರಾಯವಾದುದು. ತಾಮ್ರದ ಹಂಡೆಯ ನೀರನ್ನು ಮಾತ್ರ ನಾನು ಹತ್ತಿರ ತರಗೊಡುವುದಿಲ್ಲ, ತಾಮ್ರವು ಎರಡಕ್ಕೂ ವಿಷ. ಪೊರೆಬಿಡುವ ಮುನ್ನ ಕ್ರೇಫಿಶ್ ತನ್ನ ಹಳೆಯ ಕವಚದ ಸುಣ್ಣವನ್ನು ಹೀರಿ ಹೊಟ್ಟೆಯೊಳಗೆ ಎರಡು ಗುಂಡುಕಲ್ಲುಗಳಾಗಿ ಕೂಡಿಸಿಡುತ್ತದೆ. ಬಳಿಕ ಮೆತ್ತಗಾದ ಮೈಯಿಂದ ಅಡಗಿ ಕುಳಿತು, ಕಳಚಿದ ಕವಚವನ್ನೂ ತಿಂದು ಗಟ್ಟಿಯಾಗುತ್ತದೆ. ಈ ಕಲ್ಲುಗಳನ್ನೇ ಹಿಂದೆ ಯೂರೋಪಿನ ಔಷಧಾಲಯಗಳಲ್ಲಿ ‘ಏಡಿಯ ಕಣ್ಣು’ ಎಂಬ ಹೆಸರಿನಲ್ಲಿ ಹೊಟ್ಟೆಯ ಹುಳಿಗೆ ಮದ್ದಾಗಿ ಮಾರುತ್ತಿದ್ದರು. ಔಷಧಕಾರರ ಸಂಘದಲ್ಲಿಯೇ ರಸಾಯನಜ್ಞನಾಗಿದ್ದ ವಾರಿಂಗ್ಟನ್ನನಿಗೆ ಅವು ಅಪರಿಚಿತವಾಗಿರಲಾರವು.

ಬಸವನಹುಳುಗಳು ಮಿತಿಮೀರಿದಾಗ ಬೇಡಿದವರಿಗೆ ಧಾರಾಳವಾಗಿ ಕೊಡುತ್ತೇನೆ. ಕ್ರೇಫಿಶನ್ನು ಕೇಳಿದವರಿಗೆ ಮಾತ್ರ ಇಲ್ಲವೆನ್ನುತ್ತೇನೆ. ಬೇಸರ ಬಂದ ದಿನ ಅದನ್ನು ಮೂಸಿ ನದಿಗೋ ಹುಸೇನ್ ಸಾಗರದ ಕೆರೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಹಿಗ್ಗುವ ದಯಾಳುಗಳು ನಮ್ಮಲ್ಲಿ ಬಹಳ ಮಂದಿ. 1973ರಲ್ಲಿ ಸ್ಪೇನಿಗೆ ತಂದುಬಿಟ್ಟ ಇದೇ ಜಾತಿ ಅಲ್ಲಿಯ ಜೌಗುಗಳನ್ನೆಲ್ಲ ಆಕ್ರಮಿಸಿ, ಜಲಸಸ್ಯಗಳನ್ನೂ ಬಸವನಹುಳುಗಳನ್ನೂ ಮೇಯ್ದುಹಾಕಿತೆಂದು ಹೇಳಿದರೆ, ಇಷ್ಟು ಪುಟ್ಟ ಪ್ರಾಣಿಯೇ ಎಂದು ಅವರು ನಗುತ್ತಾರೆ.