ಹಾಟ್ ಅಂದ್ರೆ ಬಿಸಿಯೋ, ಖಾರವೋ?

ಊಟ ತರಿಸುವ ಆ್ಯಪ್ ಒಂದನ್ನು ಬ್ರೆಜಿಲಿನ ಪೋರ್ಚುಗೀಸಿಗೆ ತರುವ ತಂಡದಲ್ಲಿ ನಾನಿದ್ದೇನೆ. ಬೆಂಗಳೂರಿನಲ್ಲಿ ಕೂತು ಬ್ರೆಜಿಲಿನ ಮೆನು ತಿದ್ದೋದಾ ಅಂತ ನಗಬೇಡಿ, ಈ ಊರಲ್ಲಿ ಕೂತು ಜನ ಅಮೆರಿಕದವರ ತೆರಿಗೆ ಲೆಕ್ಕವನ್ನೇ ಬರೀತಾರೆ. ಅನುವಾದ ಮಾಡೋದು ನಾನಲ್ಲ. ಅದು ಸಾಲ್ವದೋರ್ ನಗರದ ಒಬ್ಬ ಫ್ರೀಲಾನ್ಸರ್ ಹೆಂಗಸಿನ ಕೆಲಸ. ನಾನು ಅವರಿಗೂ ನಮ್ಮ ಕಂಪನಿಗೂ ನಡುವಿನ ಪೋಸ್ಟ್‌ಮನ್. ಎರಡು ವರ್ಷದಿಂದ ಸಂಜೆ ಹೊತ್ತು ಪೋರ್ಚುಗೀಸ್ ಕಲೀತಿರೋದ್ರಿಂದ ಕಾಗದ ಒಡೆದು ಓದುವಷ್ಟು ಬರುತ್ತೆ.

ಅವರಿಗೆ ದುಡ್ಡು ಪದದ ಲೆಕ್ಕದಲ್ಲಿ. ಒಮ್ಮೆ ಅನುವಾದವಾದ ತುಣುಕನ್ನು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುತ್ತೆ. ಅದೇ ತುಣುಕು ಮತ್ತೆ ಬಂದರೆ ತಾನೇ ತುಂಬಿಸುತ್ತೆ. ಹಾಗೆ ತುಂಬಿದ್ದಕ್ಕೆ ಅವರಿಗೆ ಸಿಗೋದು ಹೆಚ್ಚುಕಮ್ಮಿ ಸೊನ್ನೆ. 'ಹಾಟ್' ಅನ್ನೋ ಪದ ಮೊದಲು ಬಂದದ್ದು ಕಾಫಿಯ ಪಕ್ಕ. ಅವರು 'ಕೆಂಚಿ' ಅಂತ ಬರೆದರು. ಕೆಂಚಿ ಅಂದರೆ ಬಿಸಿ, ತಪ್ಪೇನಿಲ್ಲ. ಆಮೇಲೆ ಅದೇ ಕೆಂಚಿ ಕೋಳಿ ರೆಕ್ಕೆಯ ಪಕ್ಕ, ಸಾಸಿನ ಪಕ್ಕ, ಕೆಂಪು ಮೆಣಸಿನಕಾಯಿ ಚಿತ್ರದ ಪಕ್ಕ ತಾನಾಗಿ ಹೋಗಿ ಕೂತಿತು. ಹೊಟ್ಟೆಹುಣ್ಣು ಇರುವವರು ಯಾರಾದರೂ 'ಬಿಸಿಬಿಸಿ ಇದೆಯಂತೆ, ಒಳ್ಳೇದಾಯ್ತು' ಅಂದುಕೊಂಡು ತರಿಸಿದರೆ ಕಥೆ ಏನು? ಅವರು ಮೇಲ್ ಹಾಕಿದರು: ಇದು ಯಾವ ಹಾಟ್? ನಾನು ಮ್ಯಾನೇಜರ್ ಹತ್ತಿರ ಹೋದೆ. "ಒಂದು ಪದಕ್ಕೆ ಎಷ್ಟು ಮೇಲ್ ಮಾರಾಯ್ತಿ?" ಅಂದರು.

ಇಂಗ್ಲಿಷಿನವರಿಗೆ ಇದೆಲ್ಲ ಒಂದೇ. ಟೀ ಹಾಟ್, ಚಟ್ನಿ ಹಾಟ್, ಏಪ್ರಿಲ್ ತಿಂಗಳು ಹಾಟ್, ನಾನೂ ಹಾಟ್. ಪೋರ್ಚುಗೀಸಿನಲ್ಲಿ ಟೀ ಕೆಂಚಿ, ಚಟ್ನಿ ಪಿಕಾಂಚಿ, ಏಪ್ರಿಲ್ ತಿಂಗಳಲ್ಲಿ ಆಗೋದು ಕಲೋರ್. ಇಂಗ್ಲಿಷಿನಲ್ಲಿ ಬರೆದ ನನ್ನ ಪಾಠದ ಪುಸ್ತಕ ಈ ಮೂರನ್ನು ಬೇರೆ ಮಾಡಿ ತೋರಿಸೋಕೆ ಒಂದಿಡೀ ಅಧ್ಯಾಯ ತಗೊಂಡಿದೆ. ಬಿಸಿ, ಖಾರ, ಸೆಖೆ ಅಂತ ಮೂರು ಪದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ, ಅಧ್ಯಾಯ ಮುಗೀತು. ನಾನು ಉಡುಪಿ ಕಡೆಯವಳು, ಸೆಖೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. 'ಐ ಆ್ಯಮ್ ಹಾಟ್' ಅನ್ನೋದನ್ನ ಪೋರ್ಚುಗೀಸಿಗೆ ಪದಕ್ಕೆ ಪದ ಇಟ್ಟರೆ ಕೇಳಿದವರು ಮುಸಿಮುಸಿ ನಗ್ತಾರೆ, ಅದಕ್ಕೆ ಬೇರೆಯೇ ಅರ್ಥ. ಅಲ್ಲಿ ಹೇಳೋದು 'ಇಸ್ತೋ ಕೋಂ ಕಲೋರ್', ಸೆಖೆಯ ಜೊತೆ ಇದ್ದೇನೆ ಅಂತ. ನಾವು 'ನಂಗೆ ಸೆಖೆ ಆಗ್ತಿದೆ' ಅಂತೀವಿ. ಎರಡರಲ್ಲೂ ಸೆಖೆ ಹೊರಗಿನಿಂದ ಬಂದದ್ದು, ನಾವೇ ಅದಾಗಿಲ್ಲ. ಎರಡು ವರ್ಷ ನಾನು ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಪೋರ್ಚುಗೀಸಿಗೆ ಬಸ್ಸು ಹಿಡೀತಿದ್ದೆ. ನೇರ ಬಸ್ಸು ಮನೆ ಮುಂದೆಯೇ ನಿಲ್ಲುತ್ತಿತ್ತು.

ನುಡಿಗಟ್ಟುಗಳಿಗೆ ಬಂದರೆ ಇನ್ನೂ ಮಜಾ. ಇಂಗ್ಲಿಷಿನಲ್ಲಿ ಸರಕು ಹಾಟ್ ಕೇಕಿನಂತೆ ಖರ್ಚಾಗುತ್ತೆ, ಬ್ರೆಜಿಲಿನಲ್ಲಿ ಬಿಸಿ ಬ್ರೆಡ್ಡಿನಂತೆ, ನಮ್ಮ ಪೇಪರುಗಳಲ್ಲಿ ಬಿಸಿ ದೋಸೆಯಂತೆ. ಇಂಗ್ಲಿಷಿನವರು ಕಷ್ಟಕ್ಕೆ ಸಿಕ್ಕಿಕೊಂಡರೆ ಬಿಸಿನೀರಲ್ಲಿ ಇರ್ತಾರೆ, ಪೋರ್ಚುಗೀಸರು ಕೆಟ್ಟ ದುಪ್ಪಟಿಯಲ್ಲಿ: 'ಎಂ ಮೌಸ್ ಲೆನ್ಸೋಯ್ಸ್'. ಬಿಸಿನೀರು ನಮಗೆ ಸುಖ ಕೊಡೋ ವಸ್ತು, ಹಂಡೆ ಮುಂದೆ ಕೂತವರಿಗೆ ಅದು ಸಂಕಟ ಹೇಗಾದೀತು? ಬಿಸಿಗಾಳಿ, ಅಂದರೆ ಬೊಗಳೆ ಮಾತು, ಅಲ್ಲಿ 'ಕೊನ್ವೆರ್ಸ ಫಿಯಾದ'. ಫಿಯಾದು ಅಂತ ಅಂಗಡಿಯ ಉದ್ರಿಗೂ ಹೇಳ್ತಾರೆ. 'ಉದ್ರಿ ಮಾತು' ಅಂತ ನಾವೂ ಶುರು ಮಾಡಬಹುದು ನೋಡಿ.

ಇಂಗ್ಲಿಷಿನಲ್ಲಿ ಹಾಟ್ ಇಲ್ಲದ ಕಡೆ ಪೋರ್ಚುಗೀಸಿನಲ್ಲಿ ಬಿಸಿ ಬರೋದೂ ಉಂಟು. ಹಿಂದೆ ದೊಡ್ಡವರ ಬಲ ಇರುವವನಿಗೆ ಅಲ್ಲಿ 'ಬಿಸಿ ಬೆನ್ನು'. ಕಾಲಿಟ್ಟಲ್ಲಿ ಅದೃಷ್ಟ ತರೋನು ಬ್ರೆಜಿಲಿನಲ್ಲಿ 'ಪೆ ಕೆಂಚಿ', ಬಿಸಿಗಾಲಿನವನು. ದರಿದ್ರ ತರೋನು 'ಪೆ ಫ್ರಿಯು', ತಣ್ಣಗಾಲಿನವನು. 2010ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಹಾಡುಗಾರ ಮಿಕ್ ಜಾಗರ್ ಹೋಗಿ ಕೂತ ಮ್ಯಾಚಲ್ಲೆಲ್ಲ ಅವರು ಬೆಂಬಲಿಸಿದ ತಂಡ ಸೋತಿತು ಅಂತ ಬ್ರೆಜಿಲಿನವರು ಅವರಿಗೆ ಇದೇ ಹೆಸರಿಟ್ಟರು. ಇಂಗ್ಲಿಷಿನಲ್ಲಿ ಇದನ್ನು ಅರ್ಥ ಮಾಡಿಸೋಕೆ ಅರ್ಧ ಪುಟ ಬೇಕು, ನಮಗೆ 'ಕಾಲ್ಗುಣ' ಅಂದರೆ ಸಾಕು. (ನಾವು ಅದನ್ನು ಪಾಪ ಹೊಸ ಸೊಸೆಯ ಮೇಲೆ ಹಾಕ್ತೀವಿ, ಅವರು ಹಾಡುಗಾರರ ಮೇಲೆ. ಅವರದೇ ವಾಸಿ.) ಇನ್ನು 'ನೌಂ ಎಸ್ಕೆಂತ ಅ ಕಬೆಸ', ಅಂದರೆ ತಲೆ ಬಿಸಿ ಮಾಡ್ಕೋಬೇಡ. ನನ್ನಮ್ಮ ಫೋನಿನಲ್ಲಿ ದಿನಾ ಹೇಳೋ ಮಾತು ಅದು, "ತಲೆಬಿಸಿ ಮಾಡ್ಬೇಡ".

ಇಷ್ಟೆಲ್ಲ ಆದಮೇಲೆ ನಾನು ಜಂಬದಿಂದ ಎಕ್ಸೆಲ್ ಹಾಳೆ ಮಾಡಿದೆ. ತಿನಿಸಿನ ಉಷ್ಣತೆಗೆ ಕೆಂಚಿ, ಮೆಣಸಿಗೆ ಪಿಕಾಂಚಿ, ಹವೆಗೆ ಕಲೋರ್. ಸಾಲ್ವದೋರ್‌ನಿಂದ ಉತ್ತರ ಬಂತು: ಹಾಳೆ ಸರಿ ಇದೆ, ನಮ್ಮ ಬೀದಿ ಬಿಟ್ಟು.

ಅವರ ಬಯೀಯ ಪ್ರಾಂತ್ಯದ ಬೀದಿ ತಿಂಡಿ ಅಕರಜೆ. ಅಲಸಂದೆ ಕಾಳು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಜೊತೆ ರುಬ್ಬಿ, ಕೆಂಪಗಿನ ತಾಳೆ ಎಣ್ಣೆಯಲ್ಲಿ ಕರಿದ ವಡೆ ಅಂದುಕೊಳ್ಳಿ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಬಂದ ಅಡುಗೆ. ಬಿಳಿ ಲಂಗ, ಬಿಳಿ ತಲೆವಸ್ತ್ರದ ಹೆಂಗಸರು ಮಾರ್ತಾರೆ. ವಡೆ ಸೀಳಿ ಹೂರಣ ತುಂಬುವ ಮುಂಚೆ ಕೇಳ್ತಾರೆ: "ಕೆಂಚಿ ಓ ಫ್ರಿಯು?" ಬಿಸಿಯೋ ತಣ್ಣಗೋ? ಹೊರಗಿನವರು ಸಹಜವಾಗಿ ಬಿಸಿ ಅಂತಾರೆ. ಆದರೆ ವಡೆ ಹೇಗಿದ್ದರೂ ಬಾಣಲೆಯಿಂದ ಈಗಷ್ಟೇ ಬಂದದ್ದು. ಅವರು ಕೇಳಿದ್ದು ಮೆಣಸಿನ ಸಾಸ್ ಹಾಕಲೋ ಬೇಡವೋ ಅಂತ. ಕಣ್ಣಲ್ಲಿ ನೀರು ಬಂದಮೇಲೆ ಅರ್ಥವಾಗುತ್ತೆ. ಅಂದರೆ ಆ ಗಾಡಿಯ ಮುಂದೆ ಕೆಂಚಿ ಅಂದರೆ ಖಾರವೇ.

ಸಾರಾಯಿ ವ್ಯಾಪಾರದಲ್ಲಿ ಮತ್ತೊಂದು. ಅಲ್ಲಿ 'ಬಿಸಿ ಪಾನೀಯ' ಅಂದರೆ ಕಶಾಸದಂಥ ಗಟ್ಟಿ ಮದ್ಯ, ಬಿಯರು 'ತಣ್ಣನೆಯ' ಪಾನೀಯ. ಬಿಯರ್ ಬೇಡ, ಹಾಟ್ ತಗೊಳ್ಳೋಣ ಅನ್ನುವ ನಮ್ಮ ಬಾರುಗಳ ಭಾಷೆ ಗೊತ್ತಿದ್ದವರಿಗೆ ಇದೂ ಹೊಸದಲ್ಲ.

ಈಗ ಹಾಳೆಯಲ್ಲಿ ಹಾಟ್‌ಗೆ ಏಳು ಸಾಲುಗಳಿವೆ, ಬಯೀಯದ ಅಂಗಡಿಗಳಿಗೆ ಒಂದು ಬೇರೆ. ಪ್ರತಿ ಪದದ ಪಕ್ಕ ಅದು ಎಲ್ಲಿ ಬರುತ್ತೆ ಅಂತ ಬರೆಯೋ ಕಾಲಮ್ಮಿಗೂ ಮ್ಯಾನೇಜರ್ ಒಪ್ಪಿದ್ದಾರೆ. ಒಪ್ಪದೇ ಇರೋದು ಒಂದೇ: ಆ ಮೇಲುಗಳನ್ನು ಬರೆದ ಹೊತ್ತಿಗೆ ಅವರಿಗೆ ದುಡ್ಡು ಕೊಡೋದು. ಪದದ ಲೆಕ್ಕದಲ್ಲಿ ಪ್ರಶ್ನೆಗೆ ಬೆಲೆ ಇಲ್ಲ. ಈ ತಿಂಗಳ ಅವರ ಬಿಲ್ಲಿನ ಕೊನೆಗೆ ಹೊಸದೊಂದು ಸಾಲು ಸೇರಿತ್ತು: 'ಹಾಟ್, 3 ಗಂಟೆ'. ನಾನು ಅಪ್ರೂವ್ ಒತ್ತಿ ಫೈನಾನ್ಸಿಗೆ ಕಳಿಸಿದ್ದೇನೆ. ಅಲ್ಲಿಂದ ನಿನ್ನೆ ಮೇಲ್ ಬಂದಿದೆ, ಇದು ಯಾವ ಖರ್ಚು, ವಿವರಿಸಿ ಅಂತ.